ಸೈಕಲ್ ಸರ್ಕಸ್ಸಿನಲ್ಲಿ ಹುಟ್ಟಿದವಳಿಗೆ 51ನೇ ವಯಸ್ಸಿಗೆ ಜನನ ಪ್ರಮಾಣಪತ್ರ ಸಿಕ್ಕ ಕಥೆ

ಮೊನ್ನೆ ಪೋಸ್ಟ್‌ಮ್ಯಾನ್ ಪಾಸ್‌ಪೋರ್ಟ್ ತಂದುಕೊಟ್ಟ. ಸಹಿ ಹಾಕುವಾಗ ನನ್ನ ಕೈ ನಡುಗಿತು, ನಗಬೇಡಿ. ಇದಕ್ಕಾಗಿ ಏಳು ತಿಂಗಳು ಓಡಾಡಿದ್ದೇನೆ. ಅದರಲ್ಲಿ ಆರು ತಿಂಗಳು ಹೋಗಿದ್ದು ಪಾಸ್‌ಪೋರ್ಟಿಗಲ್ಲ, ನಾನು ಹುಟ್ಟಿದ್ದೇನೆ ಅಂತ ತೋರಿಸುವುದಕ್ಕೆ. ನನ್ನ ಹಾಗೆ ಊರೂರು ಸುತ್ತುವ ಮನೆತನದಲ್ಲಿ ಹುಟ್ಟಿ, ಶಾಲೆಯ ಮೆಟ್ಟಿಲು ಹತ್ತದವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಅಥವಾ ಅವರ ಮಕ್ಕಳಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಅರ್ಧ ಟೈಪ್ ಮಾಡಿದ್ದು, ಇನ್ನರ್ಧ ಮೊಬೈಲಿಗೆ ಬಾಯಲ್ಲಿ ಹೇಳಿ ಬರೆಸಿದ್ದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಶುರುವಾಗಿದ್ದು ಜನವರಿಯಲ್ಲಿ. ಮಗಳು ಮಸ್ಕತ್‌ನಲ್ಲಿದ್ದಾಳೆ. ಚೊಚ್ಚಲ ಬಸಿರು. ಡಾಕ್ಟರು ವಿಮಾನ ಹತ್ತಬೇಡ ಅಂದಿದ್ದಾರೆ, ಹಾಗಾಗಿ ತವರಿಗೆ ಬರೋ ಹಾಗಿಲ್ಲ. ತವರೇ ಅಲ್ಲಿಗೆ ಹೋಗಬೇಕು, ಅಂದ್ರೆ ನಾನು. "ಅವ್ವಾ, ಸೆಪ್ಟೆಂಬರ್ ಒಳಗ ಪಾಸ್‌ಪೋರ್ಟ್ ಮಾಡ್ಸಿ ಇಟ್ಕೋ" ಅಂದಳು. ಅಷ್ಟೇ ಅಲ್ವಾ ಅಂದುಕೊಂಡು ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ಆನ್‌ಲೈನ್ ಸೆಂಟರಿಗೆ ಹೋದೆ. ಅಲ್ಲಿನ ಹುಡುಗ ನನ್ನ ಕಾರ್ಡುಗಳನ್ನು ಸಾಲಾಗಿ ಇಟ್ಟು ನೋಡಿ, "ಅಕ್ಕಾರ, ನೀವು ಮೂರು ಸಲ ಹುಟ್ಟೀರಿ" ಅಂದ.

ನಿಜಾನೇ. ಆಧಾರ್‌ನಲ್ಲಿ 1-1-1970, ಪಾನ್ ಕಾರ್ಡಿನಲ್ಲಿ 1972, ವೋಟರ್ ಕಾರ್ಡಿನ ವಯಸ್ಸು ಲೆಕ್ಕ ಹಾಕಿದರೆ 1968. ಆಧಾರ್ ಮಾಡಿಸುವಾಗ ನಾನು ಬರೀ ವಯಸ್ಸು ಹೇಳಿದ್ದೆ. ಹಾಗೆ ಹೇಳಿದರೆ ಕಂಪ್ಯೂಟರು ತಾನೇ ಜನವರಿ 1 ಅಂತ ತುಂಬಿಕೊಳ್ಳುತ್ತದಂತೆ. ನಮ್ಮ ಓಣಿಯಲ್ಲಿ ನನ್ನ ವಾರಿಗೆಯವರಲ್ಲಿ ಅರ್ಧ ಜನ ಜನವರಿ 1ಕ್ಕೇ ಹುಟ್ಟಿದವರು. ಮೊದಲು ಆಧಾರ್ ಸರಿ ಮಾಡಿಸಿ ಅಂದರು. ಆಧಾರ್ ಕೇಂದ್ರದಲ್ಲಿ ಜನನ ಪ್ರಮಾಣಪತ್ರ ಅಥವಾ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ತನ್ನಿ ಅಂದರು. ನನ್ನ ಹತ್ತಿರ ಎರಡೂ ಇರಲಿಲ್ಲ.

ಇಲ್ಲಿ ಒಂದು ಮಾತು. ಪಾಸ್‌ಪೋರ್ಟ್ ನಿಯಮ 2025ರ ಫೆಬ್ರವರಿಯಲ್ಲಿ ಬದಲಾಗಿದೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಮಾತ್ರ ಜನನ ಪ್ರಮಾಣಪತ್ರವೇ ಬೇಕು. ಅದಕ್ಕಿಂತ ಮೊದಲು ಹುಟ್ಟಿದವರಿಗೆ ಶಾಲೆಯ ಟಿಸಿ, ಪಾನ್, ಡ್ರೈವಿಂಗ್ ಲೈಸೆನ್ಸ್ ಇಂಥವೂ ನಡೆಯುತ್ತವೆ. ನಿಮ್ಮ ಎಲ್ಲ ಕಾಗದದಲ್ಲೂ ಒಂದೇ ತಾರೀಕು ಇದ್ದರೆ ನನ್ನ ಹಾಗೆ ಹೆಣಗಾಡಬೇಕಿಲ್ಲ, ಸುಮ್ನೆ ಹೋಗಿ ಅರ್ಜಿ ಹಾಕಿ. ಒಂದಕ್ಕೊಂದು ತಾಳೆ ಆಗದವರು ಮುಂದೆ ಓದಿ.

ಆಧಾರ್‌ನಲ್ಲಿ ಹುಟ್ಟಿದ ತಾರೀಕು ಬದಲಾಯಿಸಲು ಸಾಮಾನ್ಯವಾಗಿ ಒಂದೇ ಸಲ ಅವಕಾಶ. ಹಾಗಾಗಿ ಯಾವುದೋ ಒಂದು ತಾರೀಕು ಹಾಕಿಸಿಬಿಡೋಣ ಅಂದುಕೊಳ್ಳಬೇಡಿ. ಒಬ್ಬ ಏಜೆಂಟ್ ನನಗೆ ಅದನ್ನೇ ಹೇಳಿದ. 15,000 ಕೊಟ್ಟರೆ ಯಾವ ಊರಿನ, ಯಾವ ತಾರೀಕಿನ ಪ್ರಮಾಣಪತ್ರ ಬೇಕಾದರೂ ತರುತ್ತೇನೆ ಅಂದ. ಆಸೆ ಆಗಲಿಲ್ಲ ಅಂದರೆ ಸುಳ್ಳು. ಆದರೆ ಮಸ್ಕತ್ ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ ಅಂತ ಭಯ ಆಯಿತು.

ಅವ್ವನನ್ನ ಕೇಳಿದೆ. ಅವಳಿಗೆ ಎಂಬತ್ತರ ಹತ್ತಿರ, ಕಿವಿ ಮಂದ, ನೆನಪು ಮಾತ್ರ ನನಗಿಂತ ಚುರುಕು.

"ಎಳ್ಳ ಅಮಾಸಿ ದಿನ. ಸೋಮವಾರ ಬಂದಿತ್ತು ಅಮಾಸಿ. ಊರ ಮಂದಿಯೆಲ್ಲ ಚರಗ ಚೆಲ್ಲಾಕ ಹೊಲಕ್ಕ ಹೋಗಿದ್ರು. ನಾನು ಸಾಲಿ ಪಡಸಾಲ್ಯಾಗ ಒಬ್ಬಾಕಿ ಬಿದ್ದಿದ್ದೆ."

"ಯಾವ ವರ್ಷ ಅವ್ವ?"

"ವರ್ಷ ನನಗೇನ್ ಗೊತ್ತ. ಹಿಂದಿನ ವರ್ಷ ಬರ ಬಿದ್ದಿತ್ತು. ನಿಮ್ಮಪ್ಪ ಅದಕ್ಕೂ ಮೊದಲು ಮೈಕಿನ್ಯಾಗ ಮೈಸೂರು ರಾಜ್ಯ, ಮೈಸೂರು ರಾಜ್ಯ ಅಂತಿದ್ದ. ಅವಾಗ ಹೊಸದಾಗಿ ಕರ್ನಾಟಕ ಅನ್ನಾಕ ಹತ್ತಿದ್ದ. ನಡುನಡುವೆ ತಪ್ಪಿ ಮೈಸೂರು ಅಂತಿದ್ದ, ಮಂದಿ ನಗತಿದ್ರು."

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು 1973ರ ನವೆಂಬರ್ 1ಕ್ಕೆ. ಅದರ ಮುಂದಿನ ಎಳ್ಳ ಅಮಾವಾಸ್ಯೆ ಯಾವತ್ತು ಬಂತು ಅಂತ ಮೊಬೈಲಿನಲ್ಲಿ ಹಳೇ ಪಂಚಾಂಗ ತೆಗೆದು ನೋಡಿದೆ. 1973ರ ಡಿಸೆಂಬರ್ 24. ವಾರ ನೋಡಿದೆ, ಸೋಮವಾರ. ಮೈ ಝುಮ್ ಅಂತು. ಐವತ್ತು ವರ್ಷ ದಾಟಿದವಳಿಗೆ ಮೊದಲ ಸಲ ಹುಟ್ಟಿದ ದಿನ ಸಿಕ್ಕಿತ್ತು. ಅವ್ವ ಅದಕ್ಕೆ "ನಾ ಮೊದಲ ಹೇಳಿದ್ನೆಲ್ಲ" ಅಂದು ಎಲೆ ಅಡಿಕೆ ಹಾಕಿಕೊಂಡಳು.

ಯಾವ ಕಚೇರಿಗೆ ಹೋಗುವ ಮುಂಚೆಯೂ ಮನೆಯಲ್ಲಿರುವ ಹಿರಿಯರ ಹತ್ತಿರ ಕೂತು ಕೇಳಿ. ತಾರೀಕು ಕೇಳಬೇಡಿ, ಹಬ್ಬ ಕೇಳಿ, ವಾರ ಕೇಳಿ, ಮಳೆ ಕೇಳಿ, ಜಾತ್ರೆ ಕೇಳಿ. ತಾರೀಕು ನಾವು ಹುಡುಕಿಕೊಳ್ಳಬಹುದು.

ಇನ್ನು ನಮ್ಮ ಸರ್ಕಸ್ಸಿನ ವಿಷಯ. ಕಚೇರಿಯಲ್ಲಿ ಈ ಮಾತು ಹೇಳಿದ ಕೂಡಲೇ ಎಲ್ಲರೂ "ಯಾವ ಸರ್ಕಸ್? ಹೆಸರೇನು? ನೋಂದಣಿ ನಂಬರ್ ಇದೆಯಾ? ಮಾಲೀಕರ ಪತ್ರ ತನ್ನಿ" ಅನ್ನುತ್ತಿದ್ದರು. ಅವರ ತಲೆಯಲ್ಲಿ ಆನೆ, ಹುಲಿ, ದೊಡ್ಡ ಡೇರೆ. ವಿಷ್ಣುಪಂತ ಛತ್ರೆಯವರು 1880ರಲ್ಲಿ ಶುರು ಮಾಡಿದ್ದು, ಆಮೇಲೆ ಕೇರಳದ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ ಅವರು ಹುಡುಗರನ್ನು ತಯಾರು ಮಾಡಿದ್ದು, ಅದೆಲ್ಲ ಆ ದೊಡ್ಡ ಸರ್ಕಸ್. ನಮ್ಮದು ಸೈಕಲ್ ಸರ್ಕಸ್. ಡೇರೆ ಇಲ್ಲ, ಟಿಕೆಟ್ ಇಲ್ಲ, ಮಾಲೀಕ ಅಂದರೆ ಅಪ್ಪನೇ. ಒಂದು ಸೈಕಲ್, ಒಂದು ಮೈಕ್ ಸೆಟ್, ನಾಲ್ಕು ಬಿದಿರು ಗಳ, ಹಗ್ಗಕ್ಕೆ ಅಂಟಿಸಿದ ಬಣ್ಣದ ಕಾಗದ. ನಲವತ್ತು ದಾಟಿದ ಹಳ್ಳಿಯವರು ಯಾರಿಗೆ ಹೇಳಿದರೂ ಕಣ್ಣರಳಿಸುತ್ತಾರೆ.

ಊರ ಗೌಡರ ಅಪ್ಪಣೆ ಕೇಳಿ ಶಾಲೆಯ ಬಯಲಿನಲ್ಲಿ ನಡುಗಂಬ ನೆಟ್ಟು ಅಪ್ಪ ಸೈಕಲ್ ಹತ್ತಿದರೆ, ಮೂರು ದಿನವೋ ಐದು ದಿನವೋ ಏಳು ದಿನವೋ ನೆಲಕ್ಕೆ ಕಾಲು ಇಡುತ್ತಿರಲಿಲ್ಲ. ಊಟ ಸೈಕಲ್ ಮೇಲೆ, ಸ್ನಾನ ಸೈಕಲ್ ಮೇಲೆ, ಗಡ್ಡ ಹೆರೆದುಕೊಳ್ಳುವುದೂ ಸೈಕಲ್ ಮೇಲೆ. (ರಾತ್ರಿ ಎರಡು ಗಂಟೆಗೆ ಊರು ಮಲಗಿದ ಮೇಲೆ ಏನಾಗುತ್ತಿತ್ತು ಅಂತ ಕೇಳಬೇಡಿ. ಅಪ್ಪ ತೀರಿಕೊಂಡು ಬಹಳ ವರ್ಷ ಆಯಿತು, ಅವನ ಮರ್ಯಾದೆ ನಾನು ತೆಗೆಯಲ್ಲ.) ಸಂಜೆಯಾದರೆ ರಿಕಾರ್ಡ್ ಡ್ಯಾನ್ಸು, ಎದೆ ಮೇಲೆ ಕಲ್ಲು ಒಡೆಯುವುದು, ಬೆನ್ನಿಗೆ ಟ್ಯೂಬ್‌ಲೈಟ್ ಒಡೆಯುವುದು. ಕೊನೇ ದಿನ ಕಾಕಾನನ್ನು ಗುಂಡಿಯಲ್ಲಿ ಹೂತು ಮೇಲೆ ಮಣ್ಣು ಎಳೆಯುತ್ತಿದ್ದರು.

ನಾನು ಕೆಲಸಕ್ಕೆ ನಿಂತಾಗ ನಾಲ್ಕೋ ಐದೋ ವರ್ಷ. ಬೆಳಿಗ್ಗೆ ಅವ್ವನ ಜೊತೆ ಮನೆಮನೆಗೆ ಹೋಗಿ ಜೋಳ, ರೊಟ್ಟಿ ಕೇಳಿ ತರುವುದು. ಸಂಜೆ ಓಡುವ ಸೈಕಲ್ಲಿನ ಹ್ಯಾಂಡಲ್ ಮೇಲೆ ಕೈ ಚಾಚಿ ನಿಲ್ಲುವುದು. ಆಮೇಲೆ ಹಿಂದಕ್ಕೆ ಬಾಗಿ ನೆಲದ ಮೇಲಿನ ಸೂಜಿಯನ್ನು ಕಣ್ಣಿನ ರೆಪ್ಪೆಯಿಂದ ಎತ್ತುವುದು. ಅದನ್ನು ಕಲಿಸುವಾಗ ಅಪ್ಪ ಮೊದಲು ಜೋಳದ ದಂಟಿನ ಚೂರು ಇಡುತ್ತಿದ್ದ, ಆಮೇಲೆ ಐದು ಪೈಸೆ, ಆಮೇಲೆ ಸೂಜಿ. ಬಾಗಿದ ಬೆನ್ನು ರಾತ್ರಿಯೆಲ್ಲ ನೋಯುತ್ತಿತ್ತು. ಅದಕ್ಕಿಂತ ನನಗೆ ಆಗದೇ ಇದ್ದ ಕೆಲಸ ಅಂದರೆ ಒಡೆದ ಟ್ಯೂಬ್‌ಲೈಟಿನ ಗಾಜು ಗುಡಿಸುವುದು. ಬರಿಗಾಲು. ಒಳಗಿನ ಬಿಳಿ ಪುಡಿ ಕೈಗೆಲ್ಲ ಮೆತ್ತಿಕೊಳ್ಳುತ್ತಿತ್ತು. ಅಂಥ ದೀಪದೊಳಗೆ ಪಾದರಸ ಇರುತ್ತದೆ ಅಂತ ನನಗೆ ಗೊತ್ತಾಗಿದ್ದು ಮಗಳ ಶಾಲೆ ಪುಸ್ತಕದಿಂದ. ಎಡಗಾಲಿನ ಹಿಮ್ಮಡಿಯಲ್ಲಿ ಒಂದು ಗಾಯದ ಗುರುತು ಇನ್ನೂ ಇದೆ.

ಅಕ್ಷರ ಕಲಿಸಿದ್ದು ಕಂಪನಿಯ ಬೋರ್ಡ್ ಬರೆಯುತ್ತಿದ್ದ ಅದೇ ಕಾಕಾ. ಗುಂಡಿಯಿಂದ ಎದ್ದು ಬಂದು, ಸ್ನಾನ ಮಾಡಿ, ಸುಣ್ಣದ ಕಡ್ಡಿ ಹಿಡಿದು ಕಲಿಸುತ್ತಿದ್ದ.

ಸರಿ, ಕಚೇರಿಗೆ ಬರೋಣ.

ತಡವಾದ ಜನನ ನೋಂದಣಿಗೆ ಮೊದಲು ಬೇಕಾಗಿದ್ದು ಅಲಭ್ಯ ಪ್ರಮಾಣಪತ್ರ. ಅಂದರೆ ಈ ವ್ಯಕ್ತಿಯ ಜನನ ನಮ್ಮ ಪುಸ್ತಕದಲ್ಲಿ ಇಲ್ಲ ಅಂತ ಅವರೇ ಬರೆದುಕೊಡುವ ಕಾಗದ. ಇದು ಈಗ ಇರುವ ಊರಿನಲ್ಲಿ ಸಿಗಲ್ಲ, ಹುಟ್ಟಿದ ಊರಿನ ವ್ಯಾಪ್ತಿಯಲ್ಲೇ ತೆಗೆದುಕೊಳ್ಳಬೇಕು. ನಾನು ಹುಟ್ಟಿದ್ದು ಈಗಿನ ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಆಗ ಬಿಜಾಪುರ. ಹುಬ್ಬಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಹೋದೆ. ಶಕ್ತಿ ಯೋಜನೆ ಇರೋದರಿಂದ ಬಸ್ಸಿಗೆ ದುಡ್ಡಿಲ್ಲ, ಅದೊಂದು ಪುಣ್ಯ. ಇಲ್ಲದಿದ್ದರೆ ಒಂಬತ್ತು ಸಲ ಓಡಾಡಿದ ಚಾರ್ಜಿನಲ್ಲಿ ಒಂದು ಒಳ್ಳೆಯ ಸೀರೆ ಬರುತ್ತಿತ್ತು.

ಮೊದಲ ದಿನ ತಪ್ಪು ತಾಲ್ಲೂಕಿಗೆ ಹೋಗಿದ್ದೆ. ತಪ್ಪು ಅಂದರೆ, ಆ ಹಳ್ಳಿ ಈಗ ಹೊಸ ತಾಲ್ಲೂಕಿಗೆ ಸೇರಿದೆ. ಅವರು "1973ರ ಪುಸ್ತಕ ನಮ್ಮಲ್ಲಿಲ್ಲ, ಹಳೇ ತಾಲ್ಲೂಕಿಗೆ ಹೋಗಿ" ಅಂದರು. ಹಳೇ ತಾಲ್ಲೂಕಿನವರು "ಊರು ನಮ್ಮದಲ್ಲ, ಹೊಸ ತಾಲ್ಲೂಕಿಗೆ ಹೋಗಿ" ಅಂದರು. ಎರಡು ದಿನ ಹೀಗೇ ಹೋಯಿತು. ಮೂರನೇ ಸಲ ಹೋದಾಗ ಹೊಸ ತಾಲ್ಲೂಕಿನವರ ಹತ್ತಿರ ಅದನ್ನೇ ಒಂದು ಚೀಟಿಯಲ್ಲಿ ಬರೆಸಿಕೊಂಡೆ, ಹಳೇ ದಾಖಲೆ ನಮ್ಮಲ್ಲಿಲ್ಲ ಅಂತ. ಆ ಚೀಟಿ ತೋರಿಸಿದ ಮೇಲೆ ಹಳೇ ಕಚೇರಿಯವರು ಅರ್ಜಿ ತೆಗೆದುಕೊಂಡರು. ನಿಮ್ಮ ಊರೂ ಹೀಗೆ ತಾಲ್ಲೂಕು ಬದಲಾಯಿಸಿದ್ದರೆ ಬಾಯಿಮಾತು ನಂಬಬೇಡಿ, ಬರೆಸಿಕೊಳ್ಳಿ.

ಅರ್ಜಿ ಕೊಟ್ಟ ಮೇಲೆ ಕಾಯುವುದು. ಹತ್ತು ದಿನ ಬಿಟ್ಟು ಬನ್ನಿ ಅಂದರು, ಹೋದರೆ ರೆಕಾರ್ಡ್ ರೂಮಿನವರು ರಜೆ. ಮತ್ತೆ ವಾರ ಬಿಟ್ಟು ಹೋದರೆ ಚುನಾವಣೆ ಕೆಲಸದ ಮೀಟಿಂಗು. ಹೊರಗಿನ ಬೇವಿನ ಮರದ ಕೆಳಗೆ ಎಷ್ಟು ಹೊತ್ತು ಕೂತಿದ್ದೆ ಅಂದರೆ, ಅಲ್ಲಿ ಚಹಾ ಮಾರುವಾಕೆ ನನ್ನ ಕಥೆ ಪೂರ್ತಿ ಕೇಳಿ, ಬಂದವರಿಗೆಲ್ಲ ತಾನೇ ಹೇಳಲು ಶುರು ಮಾಡಿದಳು. ಕೊನೆಗೆ ಪತ್ರ ಸಿಕ್ಕಿದ್ದು 26ನೇ ದಿನ. ನನ್ನ ಹೆಸರು ಇಲ್ಲ ಅಂತ ಸೀಲ್ ಹೊಡೆದು ಕೊಟ್ಟಾಗ ಖುಷಿಪಟ್ಟವಳು ನಾನೊಬ್ಬಳೇ ಇರಬೇಕು.

ಮುಂದಿನ ಗೊಂದಲ, ಕೋರ್ಟೋ ಕಚೇರಿಯೋ ಅನ್ನೋದು. ಒಬ್ಬ ವಕೀಲರು "ವರ್ಷ ದಾಟಿದ ಜನನಕ್ಕೆ ಕೋರ್ಟಿಗೇ ಹೋಗಬೇಕು" ಅಂದರು. ಹಿಂದೆ ಹಾಗೆ ಇತ್ತು. ಜನನ ಮರಣ ನೋಂದಣಿ ಕಾಯ್ದೆ 1969ರದು, ಅದಕ್ಕೆ 2023ರಲ್ಲಿ ತಿದ್ದುಪಡಿ ಆಗಿದೆ. ಈಗ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಉಪವಿಭಾಗದ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು, ಇಲ್ಲವೇ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಕೊಡಬಹುದು. ನನ್ನ ಅರ್ಜಿ ಹೋಗಿದ್ದು ಉಪವಿಭಾಗಾಧಿಕಾರಿಗಳ ಕಚೇರಿಗೆ, ಜನ ಬಾಯಲ್ಲಿ ಎಸಿ ಆಫೀಸ್ ಅನ್ನೋದು ಅದಕ್ಕೇ. ವಕೀಲರ ಫೀಸು ಉಳಿಯಿತು.

ಅರ್ಜಿಯ ಜೊತೆ ನನ್ನ ಅಫಿಡವಿಟ್, ಅವ್ವನ ಅಫಿಡವಿಟ್, ಆಮೇಲೆ ನಾನು ಹುಟ್ಟಿದ್ದನ್ನು ಬಲ್ಲ ಇಬ್ಬರು ಊರವರ ಅಫಿಡವಿಟ್ ಕೇಳಿದರು. ಸ್ಟ್ಯಾಂಪ್ ಪೇಪರ್ ಮೊದಲು 20 ರೂಪಾಯಿದು ನಡೆಯುತ್ತಿತ್ತು, ಈಗ 100. ಮೇಲೆ ನೋಟರಿಗೆ ತಲಾ 150 ಕೊಟ್ಟೆ. ದುಡ್ಡಿನ ಮಾತು ಬಿಡಿ, ಇಬ್ಬರು ಊರವರನ್ನು ಎಲ್ಲಿಂದ ತರಲಿ? ಆ ಊರಿನಲ್ಲಿ ನಾವು ಇದ್ದಿದ್ದೇ ಒಂಬತ್ತು ದಿನ. ನಾನು ಹುಟ್ಟಿ ನಾಲ್ಕನೇ ದಿನ ಕಂಪನಿ ಮುಂದಿನ ಊರಿಗೆ ಹೊರಟಿತ್ತು.

ಆಗ ಅವ್ವ ಟ್ರಂಕಿನ ತಳದಿಂದ ಅಪ್ಪನ ಆಯೇರಿ ಪುಸ್ತಕ ತೆಗೆದಳು. ಊರವರು ಕೊಟ್ಟಿದ್ದನ್ನು ಮೈಕಿನಲ್ಲಿ ಕೂಗಿ ಹೇಳುವುದು, ಆಮೇಲೆ ಮರೆಯದೆ ಬರೆದಿಡುವುದು ಅಪ್ಪನ ರೂಢಿ. ಮುಂದಿನ ಸಲ ಅದೇ ಊರಿಗೆ ಬಂದಾಗ ಯಾರ ಮನೆ ಬಾಗಿಲಿಗೆ ಮೊದಲು ಹೋಗಬೇಕು ಅಂತ ಗೊತ್ತಿರಬೇಕಲ್ಲ. ಆ ಪುಸ್ತಕದಲ್ಲಿ ಇಸವಿ ಇಲ್ಲ, ತಾರೀಕಿಲ್ಲ. ಊರ ಹೆಸರು, ತಿಥಿ, ವಾರ ಅಷ್ಟೇ. ಒಂದು ಪುಟದಲ್ಲಿ ಹೀಗಿದೆ: "ಅಮಾಸಿ ಸೋಮವಾರ. ಕೂಸಿನ ಸಲುವಾಗಿ ಬಂದದ್ದು. ರೂಪಾಯಿ 11. ಕುಬಸದ ಖಣ 2. ಜೋಳ ಒಂದು ಚೀಲ." ಪಕ್ಕದಲ್ಲಿ ಕೊಟ್ಟವರ ಹೆಸರು, ಮನೆತನ.

ಅವತ್ತು ಏಳು ದಿನದ ಸೈಕಲ್ಲಿನ ಐದನೇ ದಿನ. ಅಪ್ಪ ಇಳಿಯುವಂತಿರಲಿಲ್ಲ, ಇಳಿದರೆ ಅಷ್ಟೂ ದಿನದ ಆಟ ನೀರುಪಾಲು. ಸೂಲಗಿತ್ತಿ ಮುದುಕಿ ನನ್ನನ್ನು ಹಳೇ ಸೀರೆಯಲ್ಲಿ ಸುತ್ತಿ ತಂದು ಓಡುವ ಸೈಕಲ್ಲಿನ ಪಕ್ಕ ಓಡಿ ಅಪ್ಪನ ಕೈಗೆ ಕೊಟ್ಟಳಂತೆ. ಒಂದು ಕೈಯಲ್ಲಿ ಹ್ಯಾಂಡಲ್, ಒಂದು ಕೈಯಲ್ಲಿ ನಾನು, ಮೂರು ಸುತ್ತು. ಹೊಲದಿಂದ ಮರಳಿದ ಮಂದಿ ಸೀದಾ ಬಯಲಿಗೆ ಬಂದಿದ್ದರು. ಈ ಕಥೆಯನ್ನು ನಾನು ನೂರು ಸಲ ಕೇಳಿದ್ದೆ, ಅವ್ವ ಉಪ್ಪು ಖಾರ ಹಚ್ಚುತ್ತಾಳೆ ಅಂದುಕೊಂಡಿದ್ದೆ. ಪುಸ್ತಕದಲ್ಲಿ ಅಪ್ಪನ ಅಕ್ಷರ ನೋಡಿದ ಮೇಲೆ ನನಗೆ ತುಸು ಹೊತ್ತು ಮಾತು ಬರಲಿಲ್ಲ.

ಪುಸ್ತಕ ತೆಗೆದುಕೊಂಡು ಕುಣಿಯುತ್ತ ಕಚೇರಿಗೆ ಹೋದೆ. ಅಲ್ಲಿದ್ದವರು ಎರಡು ಪುಟ ತಿರುವಿ, "ಇದು ದಾಖಲೆ ಆಗಂಗಿಲ್ರಿ. ಇದರಾಗ ಸೀಲ್ ಎಲ್ಲೈತಿ?" ಅಂದರು. ಅಳು ಬಂತು. ಆದರೆ ಮರದ ಕೆಳಗಿನ ಚಹಾದಾಕೆ ನನಗಿಂತ ಜಾಣೆ. "ಪುಸ್ತಕ ಬ್ಯಾಡಂದ್ರ ಬಿಡಲಿ, ಅದರಾಗ ಬರದಿರೋ ಮಂದಿನ ಕರಕೊಂಡ ಬರ್ರಿ" ಅಂದಳು.

ಮಾರನೇ ದಿನ ಆ ಹಳ್ಳಿಗೆ ಹೋದೆ. ಕಟ್ಟೆಯ ಮೇಲೆ ನಾಲ್ಕು ಜನ ಹಿರಿಯರು ಕೂತಿದ್ದರು. ನಾನು ಆಧಾರ್, ಅರ್ಜಿ, ಆದೇಶ ಅಂತೆಲ್ಲ ಹೇಳಿದೆ, ಅವರಿಗೆ ತಲೆಬುಡ ಅರ್ಥ ಆಗಲಿಲ್ಲ. ಯಾವುದೋ ಸಾಲದ ಕಂಪನಿಯವಳು ಅಂದುಕೊಂಡರು. ಕೊನೆಗೆ "ಸೈಕಲ್ ಸರ್ಕಸ್ಸಿನವರು ನಾವು" ಅಂದೆ. ಒಬ್ಬರು ಬೀಡಿ ಕೆಳಗಿಟ್ಟರು.

"ತೆಳಗ ಬಾಗಿ ಕಣ್ಣಾಗ ಸೂಜಿ ಎತ್ತತಿದ್ದ ಹುಡುಗಿ ಏನವಾ ನೀನು?"

ನಾನು ಏಳು ವರ್ಷದವಳಿದ್ದಾಗ ಕಂಪನಿ ಮತ್ತೊಮ್ಮೆ ಆ ಊರಿಗೆ ಹೋಗಿತ್ತು. ಇದೇ ಊರಾಗ ಹುಟ್ಟಿದ ಕೂಸು ನೋಡ್ರಪ್ಪಾ ಅಂತ ಅಪ್ಪ ಮೈಕಿನಲ್ಲಿ ಕೂಗಿದ್ದು ಅವರಿಗೆ ನೆನಪಿತ್ತು. ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಬೋರ್ಡಿನಲ್ಲಿ ನಾನು 'ಬೇಬಿ' ಅಷ್ಟೇ. ಸೂಲಗಿತ್ತಿ ತೀರಿಕೊಂಡಿದ್ದಳು, ಆದರೆ ಅವತ್ತು ಕಂದೀಲು ಹಿಡಿದು ನಿಂತಿದ್ದ ಅವಳ ಸೊಸೆ ಇದ್ದಳು. ಜೋಳದ ಚೀಲ ಕೊಟ್ಟ ಮನೆಯ ಹಿರಿಮಗ ಇದ್ದರು. ಇಬ್ಬರೂ ಬರುತ್ತೇವೆ ಅಂದರು. ಆ ತಾಯಿ ನನ್ನ ಗದ್ದ ಹಿಡಿದು, "ಈಗ ಬಾಗಿ ತೋರ್ಸು ನೋಡೂಣು" ಅಂದಾಗ ಎಲ್ಲರೂ ನಕ್ಕರು. ಈಗ ಬಾಗಿದರೆ ಏಳಲು ಆಂಬುಲೆನ್ಸ್ ಬೇಕು.

ಸಾಕ್ಷಿಗಳು ನಿಮಗಿಂತ ಸಾಕಷ್ಟು ದೊಡ್ಡವರಿರಬೇಕು, ನೀವು ಹುಟ್ಟಿದಾಗ ತಿಳುವಳಿಕೆ ಬಂದ ವಯಸ್ಸು ಇರಬೇಕು. ಅವರ ಆಧಾರ್‌ನಲ್ಲೂ ಜನವರಿ 1 ಇರುತ್ತದೆ, ಪರವಾಗಿಲ್ಲ, ವಯಸ್ಸು ಕೂಡಿ ಬಂದರೆ ಸಾಕು. ಆ ತಾಯಿಯ ಆಧಾರ್‌ನಲ್ಲಿ ವಯಸ್ಸು ಕಡಿಮೆ ಬಿದ್ದು, ನಾನು ಹುಟ್ಟಿದಾಗ ಆಕೆಗೆ ಆರು ವರ್ಷ ಅಂತ ಲೆಕ್ಕ ಬಂತು. ಅದಕ್ಕೆ ಮೂರನೇ ಸಾಕ್ಷಿ ಹುಡುಕಬೇಕಾಯಿತು. ಮೊದಲೇ ನೋಡಿಕೊಳ್ಳಿ.

ಎಸಿ ಆಫೀಸಿನಿಂದ ಕಾಗದ ತಹಶೀಲ್ದಾರರಿಗೆ, ಅಲ್ಲಿಂದ ಕಂದಾಯ ನಿರೀಕ್ಷಕರಿಗೆ, ಅಲ್ಲಿಂದ ಗ್ರಾಮ ಆಡಳಿತ ಅಧಿಕಾರಿಗೆ. ಇಳಿಯಲು ಒಂದು ತಿಂಗಳು, ಹತ್ತಲು ಒಂದು ತಿಂಗಳು. ಊರಿಗೆ ಬಂದು ಪಂಚನಾಮೆ ಮಾಡಿದ ಹುಡುಗ ಒಳ್ಳೆಯವನು. ಶಾಲೆಯ ಪಡಸಾಲೆ ಈಗಿಲ್ಲ, ಹೊಸ ಕಟ್ಟಡ ಬಂದಿದೆ. ಹಳೆಯದು ಎಲ್ಲಿತ್ತು ಅಂತ ಹಿರಿಯರು ಹೆಜ್ಜೆ ಹಾಕಿ ತೋರಿಸಿದರು, ಅವನು ಅದನ್ನೂ ಬರೆದುಕೊಂಡ.

ವಿಚಾರಣೆ ದಿನ ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ನಾಲ್ಕು ವರ್ಷಕ್ಕೇ ಕೆಲಸಕ್ಕೆ ಹಚ್ಚಿದ್ದು ಕೇಳಿ ಅಲ್ಲಿದ್ದ ಒಬ್ಬರು ಅವ್ವನನ್ನು ಗದರಿದರು. ಅದು ತಪ್ಪೇ, ನಾನೂ ಒಪ್ಪುತ್ತೇನೆ. ಮಕ್ಕಳನ್ನು ಸರ್ಕಸ್ಸಿಗೆ ಹಚ್ಚಬಾರದು ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆ ತಿದ್ದುವಾಗ ಮಕ್ಕಳು ಸಿನಿಮಾ ಟಿವಿಯಲ್ಲಿ ನಟಿಸಬಹುದು ಅಂತ ಬಿಟ್ಟರೂ ಸರ್ಕಸ್ಸಿಗೆ ಬಿಡಲಿಲ್ಲ. ಒಳ್ಳೇದೇ ಮಾಡಿದರು. ನನ್ನ ಮಗಳನ್ನು ನಾನು ಒಂದು ದಿನವೂ ಶಾಲೆ ಬಿಡಿಸಿಲ್ಲ. ಆದರೆ ಆ ಕೋಣೆಯಲ್ಲಿ ತಲೆ ತಗ್ಗಿಸಿ ನಿಂತ ಅವ್ವನನ್ನು ನೋಡಿ ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಈಗಲೂ ಹೇಳಲಾರೆ.

ಶಾಲೆಗೆ ಯಾಕೆ ಹೋಗಲಿಲ್ಲ ಅಂತ ನನ್ನನ್ನೂ ಕೇಳಿದರು. "ಶಾಲೆಯ ಬಯಲಿನಲ್ಲೇ ಬೆಳೆದೆ ಸಾರ್, ಒಳಗೆ ಹೋಗಲಿಲ್ಲ" ಅಂದೆ. ತಮಾಷೆಗೆ ಹೇಳಿದ್ದಲ್ಲ. ಹಳ್ಳಿಗಳಿಗೆ ವಿಸಿಪಿ, ಟಿವಿ ಬಂದು ನಮ್ಮ ಆಟ ನೋಡುವವರು ಇಲ್ಲದಂತಾಗಿ ಹುಬ್ಬಳ್ಳಿಯಲ್ಲಿ ನೆಲೆ ನಿಂತಾಗ ನನಗೆ ಹದಿಮೂರು. ಆಗ ಒಂದನೇ ಕ್ಲಾಸಿಗೆ ಯಾರು ಸೇರಿಸಿಕೊಳ್ಳುತ್ತಾರೆ?

ಜುಲೈ ಎರಡನೇ ವಾರ ಆದೇಶ ಬಂತು. ಅದನ್ನು ಹಿಡಿದು ಮತ್ತೆ ನೋಂದಣಿಗೆ ಹೋಗಿ, ತಡವಾದ ಶುಲ್ಕ ಕಟ್ಟಿ, ಪ್ರಮಾಣಪತ್ರ ತೆಗೆದುಕೊಳ್ಳಬೇಕು. ಆದೇಶ ಬಂತು ಅಂತ ಮನೆಗೆ ಹೋಗಿ ಕೂರಬೇಡಿ, ಅದು ತಾನಾಗಿ ಪ್ರಮಾಣಪತ್ರ ಆಗುವುದಿಲ್ಲ. ಟೈಪ್ ಆದ ಮೇಲೆ ಸಹಿಗೆ ಮುಂಚೆ ಅಲ್ಲೇ ನಿಂತು ಅಕ್ಷರ ಅಕ್ಷರ ಓದಿ. ನನ್ನದರಲ್ಲಿ ಅಪ್ಪನ ಹೆಸರಿಗೆ ಒಂದು ದೀರ್ಘ ಜಾಸ್ತಿ ಬಿದ್ದಿತ್ತು, ಅಲ್ಲೇ ತಿದ್ದಿಸಿದೆ. ಆಮೇಲೆ ಆಧಾರ್ ತಿದ್ದುಪಡಿ ಎಂಟು ದಿನದಲ್ಲಿ ಆಯಿತು, ಪಾನ್ ಕೂಡ. ಪಾಸ್‌ಪೋರ್ಟಿಗೆ 1,500 ಕಟ್ಟಿದೆ, ಪೊಲೀಸ್ ವೆರಿಫಿಕೇಶನ್‌ಗೆ ಬಂದವರು ಚಹಾ ಕೂಡ ಕುಡಿಯದೆ ಹೋದರು. ಎಲ್ಲ ಸೇರಿ, ಊಟ, ಝೆರಾಕ್ಸ್, ಸಾಕ್ಷಿಗಳನ್ನು ಕರೆತಂದ ಜೀಪಿನ ಬಾಡಿಗೆ, ಎರಡು ರಾತ್ರಿ ಲಾಡ್ಜು ಹಿಡಿದು 8,700 ರೂಪಾಯಿ ಖರ್ಚಾಯಿತು. ಅದರಲ್ಲಿ ಜೀಪಿನದೇ 2,400. ಏಜೆಂಟ್ ಕೇಳಿದ್ದಕ್ಕಿಂತ ಕಡಿಮೆ, ಆದರೆ ಕಾಲಿನ ಚಪ್ಪಲಿ ಎರಡು ಜೊತೆ ಸವೆದವು.

ಜನನ ಪ್ರಮಾಣಪತ್ರ ಬಂದ ದಿನ ಅವ್ವನ ಮುಂದೆ ಹಿಡಿದೆ. ಅವಳಿಗೆ ಓದಲು ಬರಲ್ಲ. ಬೆರಳಿನಿಂದ ಸೀಲ್ ಸವರಿ ನೋಡಿದಳು.

"ಇದರಾಗ ಸೈಕಲ್ ಮ್ಯಾಲಿಂದ ಬರದಾರೇನು?"

"ಇಲ್ಲವ್ವ."

"ನಿಮ್ಮಪ್ಪ ಎತ್ಕೊಂಡು ಮೂರು ಸುತ್ತು ಹೊಡದದ್ದು?"

"ಇಲ್ಲ. ಊರು, ತಾರೀಕು, ನಿಮ್ಮಿಬ್ಬರ ಹೆಸರು, ಅಷ್ಟ."

"ಇಷ್ಟಕ್ಕ ಆರು ತಿಂಗಳಾ?" ಅಂದಳು. ಅಂಟಿನ ಉಂಡಿಗೆ ಕೊಬ್ಬರಿ ತುರಿಯುತ್ತ ಕೂತಿದ್ದವಳು ಮತ್ತೆ ತುರಿಯಲು ಶುರು ಮಾಡಿದಳು. ಮಸ್ಕತ್‌ಗೆ ಉಂಡಿ ಎಷ್ಟು ಕಿಲೋ ಒಯ್ಯಲು ಬಿಡುತ್ತಾರೆ ಅಂತ ಗೊತ್ತಿದ್ದವರು ಹೇಳಿ. ಹದಿನೈದನೇ ತಾರೀಕಿಗೆ ಟಿಕೆಟ್ ಆಗಿದೆ.